ಕೈ ಪಾಲು

ಫೋನಿನಲ್ಲಿ ಅಪ್ಪ ಹೇಳಿದ್ದು ಇಷ್ಟೇ: "ಭಾನುವಾರ ಮರಸಿಗೆ ಕೂರ್ಬೇಕು. ಕೈ ಬೇಕು. ನೀನು ಬಾ." ನಾನು ಆಗ ಅಂಗಡಿಯಲ್ಲಿ ಯಾರದೋ ಕನ್ನಡಕದ ಕಡ್ಡಿ ಬಿಗಿ ಮಾಡುತ್ತಿದ್ದೆ. ಪುಟ್ಟ ಸ್ಕ್ರೂ ಕೈತಪ್ಪಿ ನೆಲಕ್ಕೆ ಬಿತ್ತು. ಆಮೇಲೆ ಎಷ್ಟು ಗುಡಿಸಿದರೂ ಸಿಗಲಿಲ್ಲ.

ಮರಸು ಎಂದರೆ ಪ್ರಾಣಿ ಬರುವ ದಾರಿಯಲ್ಲಿ ಸೊಪ್ಪಿನ ಮರೆ ಕಟ್ಟಿಕೊಂಡು ಉಸಿರು ಬಿಗಿಹಿಡಿದು ಕಾಯುವುದು. ಅಪ್ಪನ ಬೇಟೆಯ ಗುಂಪಿನಲ್ಲಿ ಮರಸಿಗೆ ಇಬ್ಬರು ಕೂರುವ ಪದ್ಧತಿ. ಒಬ್ಬನ ಹತ್ತಿರ ಕೋವಿ. ಇನ್ನೊಬ್ಬ ಅವನ ಹಿಂದೆ ಕೂತು ಅವನ ಭುಜದ ಮೇಲೆ ಕೈ ಇಟ್ಟಿರಬೇಕು. ಮಾತು ಕೂಡದು. ಬಂದದ್ದು ಕಾಡುಪ್ರಾಣಿಯೇ ಎಂದು ಖಾತ್ರಿಯಾದರೆ ಕೈ ಒತ್ತಬೇಕು. ಮನುಷ್ಯರೋ ಸಾಕಿದ ದನವೋ ಆಗಿದ್ದರೆ ಕೈ ಎತ್ತಿಬಿಡಬೇಕು. ಕೈ ಒತ್ತದೆ ಕೋವಿಯ ಕುದುರೆಗೆ, ಅಂದರೆ ಟ್ರಿಗರಿಗೆ, ಬೆರಳು ಹಾಕುವಂತಿಲ್ಲ, ಕೈ ಎದ್ದರೆ ತೋಟಾ ಹೊರಗೆ ತೆಗೆಯಲೇಬೇಕು. ನಾನು ಹುಟ್ಟುವುದಕ್ಕೂ ಮೊದಲು ಅವರ ಗುಂಪಿನವನೊಬ್ಬ ಪೊದೆ ಅಲ್ಲಾಡಿದ್ದಕ್ಕೇ ಈಡು ಹಾರಿಸಿ, ಸೌದೆಗೆ ಬಂದಿದ್ದ ತನ್ನ ಸ್ವಂತ ಭಾವಮೈದುನನ ಕಾಲು ತೆಗೆದಿದ್ದನಂತೆ. ಪದ್ಧತಿ ಶುರುವಾದದ್ದು ಅಲ್ಲಿಂದ. ಹೊಡೆದ ಪ್ರಾಣಿಯನ್ನು ಹಂಚುವಾಗಲೂ ಕೋವಿಗೊಂದು ಪಾಲು, ಕೈಗೊಂದು ಪಾಲು. ಎರಡೂ ಸಮ. ಕೈ ಪಾಲಿನಲ್ಲಿ ಒಂದು ಚೂರು ಕಡಿಮೆಯಾದರೂ ಅಪ್ಪನಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

ನಾನು ಸಣ್ಣವಳಿದ್ದಾಗ ಅಪ್ಪನ ಪಾಲು ಮುತ್ತುಗದ ಎಲೆಯಲ್ಲಿ ಕಟ್ಟಿಸಿಕೊಂಡು ಮನೆಗೆ ಬರುತ್ತಿತ್ತು. ತಿಂದಿದ್ದೇನೆ, ರುಚಿಯಾಗಿಯೇ ಇತ್ತು. "ನಾನೂ ಬರ್ತೀನಿ" ಎಂದು ಹಟ ಮಾಡಿದರೆ ಅಪ್ಪನದು ಒಂದೇ ಉತ್ತರ: "ಹೆಣ್ಮಕ್ಕಳ ಕೈ ನಡುಗುತ್ತೆ ಕಣವ್ವ." ಅದೇ ಅಪ್ಪ ಸೂಜಿಗೆ ದಾರ ಪೋಣಿಸಬೇಕಾದಾಗ ಮಾತ್ರ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಆ ಕೈ ಈಗ ನಮ್ಮ ಭದ್ರಾವತಿಯ ಪಕ್ಕದೂರಿನ ಗಾಂಧಿ ಬಜಾರಿನ ಅಡ್ಡರಸ್ತೆಯೊಂದರಲ್ಲಿ ಊರವರ ಕಣ್ಣು ಪರೀಕ್ಷೆ ಮಾಡಿ, ಕನ್ನಡಕ ಕೂರಿಸಿ, ಎರಡು ಹೊತ್ತಿನ ಊಟ ದುಡಿಯುತ್ತಿದೆ. ನಡುಗಿದರೆ ಗಿರಾಕಿ ಎದ್ದು ಹೋಗುತ್ತಾನೆ.

ಗುಂಪಿನ ಹಳೆಯ ಕೈಗಳು ಒಂದೊಂದಾಗಿ ಇಲ್ಲವಾದವು. ಒಬ್ಬರಿಗೆ ಸಕ್ಕರೆ ಕಾಯಿಲೆ ಬಂದು ಪಾದ ಹೋಯಿತು. ಇನ್ನೊಬ್ಬರು ಮಾಂಸ ಬಿಟ್ಟು ಮಾಲೆ ಹಾಕಿಕೊಂಡರು. ಕಟ್ಟಕಡೆಯವರು ಹಿಂದಿನ ಮಳೆಗಾಲದಲ್ಲಿ ತೀರಿಕೊಂಡರು. ಹಾಗಾಗಿ ಸರದಿ ನನ್ನ ತನಕ ಬಂತು. ಬೇರೆ ಯಾರೂ ಇಲ್ಲದ್ದಕ್ಕೆ ಕರೆದರೆಂದು ಗೊತ್ತಿದ್ದೂ ನನಗೆ ಖುಷಿಯಾಯಿತು. ಅರ್ಧ ಗಂಟೆಯಾದ ಮೇಲೆ ಸಿಟ್ಟು ಬಂತು.

ಸಿಟ್ಟಿಗೆ ಕಾರಣ ಎರಡು. ಜಿಂಕೆ ಹೊಡೆಯುವುದು ಅಪರಾಧ, ಜೈಲಿಗೆ ಹೋಗುವ ಕೆಲಸ. ಅಪ್ಪನ ಹತ್ತಿರ ಇರುವುದು ಬೆಳೆ ಕಾಯಲೆಂದು ಲೈಸೆನ್ಸ್ ಕೊಟ್ಟ ಒಂಟಿ ನಳಿಗೆಯ ಕೋವಿ, ಹೆಚ್ಚೆಂದರೆ ಗಾಳಿಗೆ ಹಾರಿಸಿ ಹಂದಿ ಬೆದರಿಸಬಹುದು. ಇದನ್ನು ಹೇಳಿದರೆ, "ನನ್ನ ಜೋಳ ತಿಂದು ಕೊಬ್ಬಿರೋ ಜಿಂಕೆ, ಅರ್ಧ ನಂದೇ ಅಲ್ವೇನೇ ಮಾರಾಯ್ತಿ?" ಎನ್ನುತ್ತಾರೆ. ಎರಡನೆಯದು ಇನ್ನೂ ಕೆಟ್ಟದ್ದು. ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ.

ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಿದವರು ಯಾರೂ ಇಲ್ಲ. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತು, ಕೂದಲೆಳೆಯಷ್ಟು ವ್ಯತ್ಯಾಸವನ್ನು ಬರಿಗಣ್ಣಲ್ಲಿ ಹಿಡಿಯುತ್ತಿದ್ದ ಮನುಷ್ಯ ಅವರು. ನಿವೃತ್ತಿಯಾದ ಮೇಲೆ ಭದ್ರಾವತಿಯಿಂದ ಬಸ್ಸು ಹತ್ತಿ ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಟೀ ಲೋಟಕ್ಕೆ ಕೈ ಚಾಚಿದರೆ ಬೆರಳು ಮೊದಲು ಮೇಜನ್ನು ತಡವುತ್ತಿತ್ತು. ಒಂದು ದಿನ ಹಿಡಿದು ಕುರ್ಚಿಯ ಮೇಲೆ ಕೂರಿಸಿ, ಗೋಡೆಯ ಅಕ್ಷರದ ಬೋರ್ಡು ಓದಿ ಎಂದೆ. ಕೊನೆಯ ಸಾಲಿನವರೆಗೂ ಗಿಳಿಪಾಠದ ಹಾಗೆ ಒಪ್ಪಿಸಿದರು. ಬೆಂಚಿನಲ್ಲಿ ಕೂತು ಗಿರಾಕಿಗಳು ಓದಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ಓದುವಾಗ ಅವರು ನೋಡುತ್ತಿದ್ದದ್ದು ಬೋರ್ಡಿನ ಪಕ್ಕದ ಕ್ಯಾಲೆಂಡರನ್ನು. ನಾನು ನಗಲಿಲ್ಲ, ಅವರೂ ಮತ್ತೆ ಆ ಕುರ್ಚಿಯ ಹತ್ತಿರ ಬರಲಿಲ್ಲ.

ಲೈಸೆನ್ಸಿನ ಅವಧಿ ಮುಗಿಯುವುದಿತ್ತು. ಈ ಸಲ ಕಣ್ಣಿಗೆ ಡಾಕ್ಟರ ಸರ್ಟಿಫಿಕೇಟು ಬೇಕು ಅಂದಿದ್ದರಂತೆ. ಅದು ಸಿಗುವುದಿಲ್ಲ, ಕೋವಿ ಒಪ್ಪಿಸಬೇಕಾಗುತ್ತದೆ. ಕೊಡುವುದಕ್ಕೆ ಮುಂಚೆ ಕೊನೆಯದಾಗಿ ಒಂದು ಜಿಂಕೆ ಎಂದು ಅಪ್ಪನ ಲೆಕ್ಕ.

ಅಮ್ಮನಿಗೆ ಫೋನು ಮಾಡಿದೆ. "ನಾನು ಬೇಡ ಅಂದ್ರೆ ಕೇಳೋ ಜನವೇ ನಿಮ್ಮಪ್ಪ? ನೀನು ಬರಲ್ಲ ಅಂದ್ರೆ ಒಬ್ರೇ ಹೋಗ್ತಾರೆ. ಕಳೆ ಕೀಳೋರು, ಹುಲ್ಲು ಕೊಯ್ಯೋರು, ಹೊಲದ ತುಂಬ ಜನ ಇರ್ತಾರೆ. ನೀನು ಹೋಗೇ, ನಿನ್ನ ದಮ್ಮಯ್ಯ" ಎಂದಳು. ಅಮ್ಮ ಯಾರಿಗೂ ದಮ್ಮಯ್ಯ ಎಂದದ್ದನ್ನು ನಾನು ಕೇಳಿರಲಿಲ್ಲ. ಹೋಗುವುದೆಂದು ತೀರ್ಮಾನಿಸಿದೆ. ನನ್ನ ಉಪಾಯ ಸರಳವಾಗಿತ್ತು. ಕೈ ನನ್ನದು, ಒತ್ತದಿದ್ದರಾಯಿತು.

ಭಾನುವಾರ ಊಟ ಮುಗಿಸಿ ಅಪ್ಪನ ಸ್ಕೂಟರ್ ನಾನೇ ಓಡಿಸಿದೆ. ಹಳೆಯ ಬೆಡ್‌ಶೀಟು ಸುತ್ತಿದ ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಅವರು ಹಿಂದೆ ಕೂತರು. ನಮ್ಮ ಹೊಲ ಭದ್ರಾವತಿಯಿಂದಾಚೆ, ಕಾಡಿನ ಅಂಚಿಗೆ ಅಂಟಿಕೊಂಡಿರುವ ಒಂದು ತುಂಡು. ಮೆಕ್ಕೆಜೋಳ ಎದೆಮಟ್ಟ ಬೆಳೆದು ತೆನೆ ಕಟ್ಟಿತ್ತು. ಅಪ್ಪ ಬದುವಿನ ಮೇಲೆ ನೆಟ್ಟಗೆ ನಡೆದರು. ಆ ಬದು ಅವರ ಪಾದಕ್ಕೆ ಗೊತ್ತಿತ್ತು. ಹೊಸದಾಗಿ ಎಳೆದಿದ್ದ ನೀರಿನ ಪೈಪು ಮಾತ್ರ ಗೊತ್ತಿರಲಿಲ್ಲ, ಎಡವಿದರು.

"ಯಾವನು ಇದನ್ನ ಅಡ್ಡ ಹಾಕಿದ್ದು?"

"ನೀವೇ ಹಾಕ್ಸಿದ್ದು."

"ಹಂಗಾದ್ರೆ ಸರಿಯಾಗೇ ಇದೆ" ಎಂದು ಮುಂದೆ ಹೋದರು.

ಎತ್ತರದ ಬದುವಿನ ಮೇಲೆ ಕಟ್ಟಿದ್ದ ಸೊಪ್ಪಿನ ಮರೆಯೊಳಗೆ ಕೂತೆವು. ಅಪ್ಪ ತೋಟಾ ಹಾಕಿ ಕೋವಿಯನ್ನು ಮೊಣಕಾಲ ಮೇಲಿಟ್ಟುಕೊಂಡರು. ನಾನು ಹಿಂದೆ ಕೂತು ಅವರ ಎಡಭುಜದ ಮೇಲೆ ಕೈ ಇಟ್ಟೆ. ಭುಜ ಇಷ್ಟು ಸಣ್ಣಗಿದೆ ಎಂದು ನನಗೆ ಗೊತ್ತಿರಲಿಲ್ಲ. ದೊಡ್ಡವಳಾದ ಮೇಲೆ ನಾನು ಅಪ್ಪನನ್ನು ಮುಟ್ಟಿದ್ದೇ ಕಡಿಮೆ. ಕಾಲಿಗೆ ನಮಸ್ಕಾರ ಮಾಡುವಾಗ ಪಾದ ಮುಟ್ಟಿದ್ದೆ, ಅಷ್ಟೇ.

ಸೋಗಾನೆಯ ನಿಲ್ದಾಣಕ್ಕೆ ಇಳಿಯುವ ವಿಮಾನ ತಲೆಯ ಮೇಲೆ ಹೋಯಿತು. ಅಪ್ಪ ಕತ್ತೆತ್ತಿ, "ಎಷ್ಟು ಕೆಳಗೆ ಬಂದಿದೆ ನೋಡು" ಎಂದು ಪಿಸುಗುಟ್ಟಿದರು. ಮಾತಾಡಬಾರದೆಂಬ ನಿಯಮ ಮೊದಲು ಮುರಿದವರು ಅವರೇ. ಅವರು ನೋಡುತ್ತಿದ್ದ ಕಡೆ ಬರೀ ಆಕಾಶವಿತ್ತು, ವಿಮಾನ ಆಗಲೇ ಬೇರೆ ಕಡೆ ಹೋಗಿತ್ತು. ನಾನು ಹೂಂ ಎಂದೆ.

ಆಮೇಲೆ ಬಹಳ ಹೊತ್ತು ಏನೂ ನಡೆಯಲಿಲ್ಲ. ಸೊಳ್ಳೆ ಕಚ್ಚಿದವು, ಕಾಲು ಜೋಮು ಹಿಡಿಯಿತು. ಇಷ್ಟು ವರ್ಷ ಗಂಡಸರು ದೊಡ್ಡ ರಹಸ್ಯದ ಹಾಗೆ ಹೇಳಿಕೊಂಡು ಬಂದದ್ದು ಇದನ್ನೇ ಏನು ಅನ್ನಿಸಿತು. ಬಿಸಿಲು ಇಳಿದು ಜೋಳದ ತಲೆಯ ಸೂಲಂಗಿ ಹೂಗಳು ಹಳದಿಯಾದ ಹೊತ್ತಿಗೆ ಎಡಗಡೆ, ಕಾಡಿನ ಬೇಲಿ ಮುರಿದಿದ್ದ ಕಡೆ, ಜಿಂಕೆಗಳು ಬಂದವು. ಮುಂದೆ ಒಂದು ಹೆಣ್ಣು, ಹಿಂದೆ ಕೊಂಬಿನ ಗಂಡು, ಅದರ ಹಿಂದೆ ಇನ್ನೊಂದಿಷ್ಟು. ಜಿಂಕೆಯ ಮೈಮೇಲಿನ ಚುಕ್ಕೆಗಳನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಸಂತೆಗೆ ಬಂದವರು ತರಕಾರಿ ಮುಟ್ಟಿ ನೋಡುವ ಹಾಗೆ ಅವು ಒಂದೊಂದೇ ತೆನೆ ಮೂಸಿ ನೋಡಿ ತಿನ್ನತೊಡಗಿದವು.

ಅಪ್ಪನಿಗೆ ಕೇಳಿಸಿತು. ನನ್ನ ಅಂಗೈ ಕೆಳಗೆ ಭುಜ ಬಿಗಿಯಿತು. ಕೋವಿ ಮೇಲೆದ್ದಿತು. ನಾನು ಕೈ ಒತ್ತಲಿಲ್ಲ. ನನ್ನ ಉಪಾಯ ಸರಿಯಾಗಿ ನಡೆಯುತ್ತಿದೆ ಎಂದುಕೊಂಡು ನಳಿಗೆಯ ತುದಿಯತ್ತ ನೋಡಿದೆ.

ನಳಿಗೆ ಬಲಗಡೆಗೆ ತಿರುಗಿತ್ತು.

ಬಲಗಡೆ ಇದ್ದದ್ದು ನಮ್ಮ ಬೆರ್ಚಪ್ಪ. ಅಪ್ಪನದೇ ಹಳೆಯ ಖಾಕಿ ಅಂಗಿ ತೊಡಿಸಿ ಅಮ್ಮ ನಿಲ್ಲಿಸಿದ್ದ ಬೆದರುಬೊಂಬೆ. ಗಾಳಿಗೆ ಅಂಗಿಯ ತೋಳು ಅಲ್ಲಾಡುತ್ತಿತ್ತು. ಜಿಂಕೆಯ ಸದ್ದು ಕಿವಿಗೆ ಬಿದ್ದಿದೆ, ಅಲ್ಲಾಡುವ ಕಂದು ಬಣ್ಣ ಕಣ್ಣಿಗೆ ಮಸುಕಾಗಿ ಕಂಡಿದೆ, ಎರಡನ್ನೂ ಕೂಡಿಸಿ ಅಪ್ಪ ಅದನ್ನೇ ಜಿಂಕೆ ಮಾಡಿಕೊಂಡಿದ್ದಾರೆ. ಅಷ್ಟೇ ಆಗಿದ್ದರೆ ಅಂಗಿಗೊಂದು ತೂತು ಬೀಳುತ್ತಿತ್ತು. ಆದರೆ ಬೆರ್ಚಪ್ಪನ ಹಿಂದೆ ಬದುವಿನ ಮೇಲೆ ಪಕ್ಕದ ಹೊಲದ ಅಕ್ಕ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆದು ಬರುತ್ತಿದ್ದಳು.

ನನಗೆ ಕೂಗಬೇಕೆನ್ನಿಸಿತು. ಕೂಗಿದರೆ ಬೆಚ್ಚಿಬಿದ್ದು ಬೆರಳು ಕುದುರೆಯ ಮೇಲೆ ಬಿದ್ದರೆ? ನಳಿಗೆಯನ್ನು ಹಿಡಿದು ಎಳೆದರೂ ಅದೇ ಭಯ. ಅಪ್ಪ ಕತ್ತನ್ನು ಚೂರೇ ಚೂರು ನನ್ನ ಕಡೆ ವಾಲಿಸಿದರು. ಅವರು ಕೈಗೆ ಕಾಯುತ್ತಿದ್ದರು.

ನಾನು ಕೈ ಎತ್ತಿದೆ.

ಆ ಕ್ಷಣವೇ ನಳಿಗೆ ನೆಲಕ್ಕೆ ತಿರುಗಿತು. ಯಾಕೆ, ಏನು, ಯಾರು ಎಂದು ಕೇಳಲಿಲ್ಲ. ಕೋವಿ ಮಡಚಿ ತೋಟಾ ತೆಗೆದು ಜೇಬಿಗೆ ಹಾಕಿಕೊಂಡರು. ಕಣ್ಣಿಲ್ಲದಿದ್ದರೂ ಆ ಕೆಲಸದಲ್ಲಿ ಬೆರಳು ಒಂದಿಷ್ಟೂ ತಡವರಿಸಲಿಲ್ಲ. ಆಮೇಲೆ ಕೇಳಿದರು.

"ಯಾರು?"

"ಪಕ್ಕದ ಹೊಲದ ಅಕ್ಕ. ಹುಲ್ಲು ಹೊತ್ಕೊಂಡು ಬರ್ತಿದ್ದಾರೆ."

"ಜಿಂಕೆ?"

"ಎಡಗಡೆ ಇದ್ವು."

ಅಪ್ಪ ಖಾಲಿ ಕೋವಿಯನ್ನು ನೆಲದ ಮೇಲಿಟ್ಟರು. "ನಾನು ಬಲಗಡೆ ಹಿಡಿದಿದ್ನಾ?"

ನಾನು ಅವರ ಬಲಭುಜವನ್ನು ಮುಟ್ಟಿದೆ. ಅವರಿಗೆ ಅದರಿಂದಲೇ ತಿಳಿಯಿತು.

ಅಷ್ಟರಲ್ಲಿ ಆ ಅಕ್ಕ ಹತ್ತಿರಕ್ಕೇ ಬಂದು ಹೊರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂದಿ ಕಾಯೋಕೆ ಕೂತಿದ್ರಾ ಅಣ್ಣ? ಮಗಳನ್ನೂ ಕರ್ಕೊಂಡು ಬಂದೀರಾ! ಜಿಂಕೆ ಬಂದಿದ್ವು ಕಣ್ರೀ ಆ ಕಡೆ, ನನ್ನ ನೋಡಿ ಓಡಿಬಿಟ್ವು. ನಿಮಗೆ ಕಾಣ್ಲಿಲ್ವಾ?"

"ಇಲ್ಲ ಕಣವ್ವ" ಎಂದರು ಅಪ್ಪ. "ನಂಗೆ ಏನೂ ಕಾಣಲ್ಲ."

ಅವಳು ಅದನ್ನು ಮಾತಿನ ವರಸೆ ಎಂದುಕೊಂಡು ನಕ್ಕಳು. ಮಡಿಲಲ್ಲಿದ್ದ ಹೀರೆಕಾಯಿ ತೆಗೆದು ನನಗೆ ಕೊಟ್ಟು, ಅಮ್ಮನನ್ನು ಕೇಳಿದೆ ಅಂತ ಹೇಳು ಎಂದಳು. ಹೊರೆ ಎತ್ತಲು ಕೈಕೊಡಿ ಎಂದಾಗ ಅಪ್ಪ ಎದ್ದು ಹೋಗಿ, ಎರಡೂ ಕೈಯಲ್ಲಿ ಹೊರೆ ಎತ್ತಿ ಅವಳ ತಲೆಯ ಮೇಲಿಟ್ಟರು. ಅವಳು ಹೋದ ಮೇಲೂ ಅಲ್ಲೇ ನಿಂತಿದ್ದರು. ಜೋಳದ ಮರೆಯಲ್ಲಿ ಅವರ ಕೈ ನಡುಗುವುದು ನನಗೆ ಕಂಡಿತು. ನೋಡದವಳ ಹಾಗೆ ನಾನು ಬೆಡ್‌ಶೀಟು ಮಡಚಿದೆ.

ಮನೆಗೆ ಬರುವ ದಾರಿಯಲ್ಲಿ, ಸ್ಕೂಟರಿನ ಹಿಂದಿನಿಂದ, "ನಿನ್ನ ಅಂಗಡಿ ಬೆಳಿಗ್ಗೆ ಎಷ್ಟೊತ್ತಿಗೆ ತೆಗೀತೀಯ?" ಎಂದು ಕೇಳಿದರು. ಮಾರನೆಯ ದಿನ ನಾನು ಬಾಗಿಲು ಎತ್ತುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಕುರ್ಚಿಯಲ್ಲಿ ಕೂರಿಸಿ ಬೋರ್ಡು ತೋರಿಸಿದರೆ, "ಬಾಯಿಪಾಠ ಬರುತ್ತೆ. ಕಾಣಲ್ಲ" ಎಂದರು. ಎರಡೂ ಕಣ್ಣಿಗೆ ಪೊರೆ ಹಣ್ಣಾಗಿತ್ತು. ಇಷ್ಟು ದಿನ ಹೇಗೆ ಬಸ್ಸು ಹತ್ತಿ ಇಳಿಯುತ್ತಿದ್ದರೋ ದೇವರಿಗೇ ಗೊತ್ತು.

ಆ ವಾರವೇ ಕೋವಿಯನ್ನು ಠಾಣೆಗೆ ಒಪ್ಪಿಸಿ ಬಂದರು. ಆಪರೇಷನ್ ಒಂದಾದ ಮೇಲೊಂದು ಆಯಿತು. ಪಟ್ಟಿ ಬಿಚ್ಚಿದ ಮೇಲೆ ಎಲ್ಲವೂ ಕಾಣತೊಡಗಿ, ಅಡುಗೆಮನೆಯ ಮೂಲೆಯ ಜೇಡರ ಬಲೆಗೆಲ್ಲ ಅಮ್ಮನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಕಣ್ಣು ಬಂತಲ್ಲ, ಇನ್ನು ಕೋವಿ ವಾಪಸ್ಸು ಕೇಳಿಯಾರು ಎಂದು ಅಮ್ಮನಿಗೆ ಒಳಗೊಳಗೇ ದಿಗಿಲು. ನನಗೂ ಇತ್ತು. ಅವರು ಆ ಮಾತು ಎತ್ತಲಿಲ್ಲ.

ಬಾಡೂಟಕ್ಕೆ ಬಾ ಎಂದು ಕರೆದ ಭಾನುವಾರ ಹೋದೆ. ಅಪ್ಪನೇ ಅಂಗಡಿಗೆ ಹೋಗಿ, ಇದು ಬೇಡ ಅದು ಹಾಕು ಎಂದು ಕಣ್ಣಾರೆ ನೋಡಿ ಕುರಿ ಮಾಂಸ ತಂದಿದ್ದರು. ಅಮ್ಮ ಮಸಾಲೆ ಅರೆಯುತ್ತಿದ್ದಳು. ಅಪ್ಪ ಹಿತ್ತಿಲ ಕಲ್ಲಿನ ಮೇಲೆ ಮಾಂಸವನ್ನು ಎರಡು ಗುಡ್ಡೆ ಮಾಡಿ, ಇದರಿಂದ ಒಂದು ಚೂರು ಅದಕ್ಕೆ, ಅದರಿಂದ ಒಂದು ಚೂರು ಇದಕ್ಕೆ ಹಾಕುತ್ತಾ ಸಮ ಮಾಡುತ್ತಿದ್ದರು. ಒಂದನ್ನು ಅಮ್ಮನಿಗೆ ಕೊಟ್ಟು, ಇನ್ನೊಂದನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ನನ್ನ ಮುಂದಿಟ್ಟರು. ಈ ಕಾಲದಲ್ಲಿ ಆ ಎಲೆ ಎಲ್ಲಿ ಹುಡುಕಿ ತಂದರೋ ನಾನು ಕೇಳಲಿಲ್ಲ.

"ಇದೇನು?"

"ಕೈ ಪಾಲು."

"ಅವತ್ತು ಏನೂ ಹೊಡೀಲೇ ಇಲ್ವಲ್ಲಪ್ಪ."

"ಹೊಡೀಲಿಲ್ವಲ್ಲ" ಎಂದರು ಅಪ್ಪ. "ಅದಕ್ಕೇ."