ಸೊಸೆ ಹೇಳದ ಹೆಸರು

ಗದಗ ಬೇರೆ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಮುಂಡರಗಿಯ ಅರ್ಜಿ ಕೇಂದ್ರದಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಆರೋಗ್ಯ ಕಾರ್ಡಿನ ಅರ್ಜಿಯಲ್ಲಿ ಎರಡೇ ದಾರಿ: ಮೊದಲಿಂದ ಹೆಸರಿಲ್ಲದವರಿಗೆ ‘ಹೊಸದು’, ಇದ್ದವರಿಗೆ ‘ತಿದ್ದುಪಡಿ’. ಇದ್ದವರನ್ನೇ ಹೊಸದಾಗಿ ಸೇರಿಸಿದರೆ, ಮೇಲಿನವರು ತಾಳೆ ನೋಡಿದ ಕೂಡಲೇ ಎರಡೂ ಕಾರ್ಡು ರದ್ದಾಗುತ್ತಿದ್ದವು. ಆಮೇಲೆ ಜಿಲ್ಲಾ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಬೇಕು.

ಅವತ್ತು ಸಿಂಗಟಾಲೂರಿನಿಂದ ಅತ್ತೆ ಸೊಸೆ ಬಂದರು. ಸೊಸೆಗೆ ಮರುದಿನವೇ ಹುಬ್ಬಳ್ಳಿಯಲ್ಲಿ ಹೃದಯದ ಆಪರೇಷನ್. ಕಾರ್ಡಿಲ್ಲದೆ ದವಾಖಾನೆಯಲ್ಲಿ ಸೇರಿಸಿಕೊಳ್ಳುವುದಿಲ್ಲ. ಕುಳಿತಲ್ಲೇ ಆಕೆ ಏದುಸಿರು ಬಿಡುತ್ತಿದ್ದಳು.

“ಜಲ್ದಿ ಮಾಡ್ರಿ, ಬಸ್ ಹೋಗತೈತಿ” ಎಂದು ಅತ್ತೆ ಬೆನ್ನು ಹತ್ತಿದರು.

ಸೊಸೆಯ ಹೆಸರು ಹೊಡೆದು ಹುಡುಕಿದೆ, ಸಿಗಲಿಲ್ಲ. ‘ಹೊಸದು’ ತೆರೆದು ಎಲ್ಲ ತುಂಬಿದೆ. ಫೋಟೋ ತೆಗೆಯಲು ತಿರುಗಿದಾಗ ಆಕೆ, “ನಮ್ಮ ತವರು ಅಸುಂಡ್ಯಾಗೂ ಹಿಂಗ ಕಾರ್ಡಿಗೆ ಫೋಟೋ ತಗದಿದ್ರು, ಲಗ್ನಕ್ಕ ಮದ್ಲ” ಎಂದಳು.

ನಾನು ಕ್ಯಾಮೆರಾ ಕೆಳಗಿಟ್ಟೆ. “ಆವಾಗ ಇದ ಹೆಸರಿತ್ತೇನವಾ?”

ಇಲ್ಲವೆಂದು ತಲೆಯಾಡಿಸಿದಳು.

“ಮತ್ತ ಏನಿತ್ತು?”

ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ನನಗೆ ಸಿಟ್ಟು ನೆತ್ತಿಗೇರಿತು. “ಜೀವಕ್ಕಿಂತ ಹೆಸರು ದೊಡ್ಡದಾತೇನ? ಬಾಯಿ ಬಿಡವಾ!”

“ಆಕೀಗಿ ಬೈಬ್ಯಾಡ್ರಿ” ಅಂದರು ಅತ್ತೆ. “ಆಕಿ ಹೇಳಂಗಿಲ್ಲ. ಅದು ನನ್ನ ಹೆಸರು.”

ಅತ್ತೆ ಸೊಸೆಯರದು ಒಂದೇ ಹೆಸರಾದರೆ ಲಗ್ನದ ದಿನ ಸೊಸೆಯದನ್ನು ಬದಲಿಸುವುದು ನಮ್ಮ ಕಡೆಯ ರೂಢಿ. ಆಮೇಲೆ ಅತ್ತೆಯ ಹೆಸರನ್ನು ಸೊಸೆ ಆಡುವಂತಿಲ್ಲ, ಒಂದು ಕಾಲಕ್ಕೆ ತನ್ನದೇ ಆಗಿದ್ದರೂ.

ಅತ್ತೆ ತಮ್ಮ ಹೆಸರು ಹೇಳಿದರು. ಅಸುಂಡಿಯ ಪಟ್ಟಿಯೊಳಗೆ ಹುಡುಕಿದೆ. ಎರಡು ಜಡೆಯ ಹುಡುಗಿಯ ಫೋಟೋ ಬಂತು. ತುಂಬಿದ್ದ ಹೊಸ ಅರ್ಜಿಯನ್ನು ಅಳಿಸಿ, ಹಳೆಯದರಲ್ಲೇ ಗಂಡನ ಹೆಸರು, ಊರು ಸೇರಿಸಿದೆ. ಅವಳ ಹೆಸರನ್ನು ತಿದ್ದಲು ಮಾತ್ರ ತಹಶೀಲ್ದಾರರ ಸಹಿ ಬೇಕಿತ್ತು. ಅದಕ್ಕೆ ಹೊತ್ತಿರಲಿಲ್ಲ.

“ಕಾರ್ಡಿನ್ಯಾಗ ಹಳೇ ಹೆಸರ ಉಳೀತೈತ್ರಿ. ದವಾಖಾನ್ಯಾಗೂ ಅದನ್ನ ಕರೀತಾರ” ಎಂದೆ.

ಅತ್ತೆ ಸೊಸೆಯ ಮುಖ ನೋಡಿದರು. ಬೇಡವೆಂದು ಎದ್ದು ಹೋದಾರೆಂದು ನಿಜಕ್ಕೂ ಹೆದರಿದೆ. ಹೆದರುತ್ತಲೇ ಗುಂಡಿ ಒತ್ತಿದೆ.

ಕಾರ್ಡು ಬಂತು. ದಿನದಂತೆ ಅದರ ಮೇಲಿದ್ದ ಹೆಸರನ್ನು ಕೂಗಿದೆ. ಸೊಸೆ ಅಲುಗಲಿಲ್ಲ. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟು, “ಏಳವ್ವ, ನಿನ್ನ ಕರ್ಯಾಕತ್ತಾರ” ಎಂದರು.