ಆಯಿ ನಂಬಿದ ಬಿಸಿಲು

ಮೊನ್ನೆ ಶೂಟಿಂಗಿನ ಹಳೆಯ ದೀಪವೊಂದನ್ನು ಹಚ್ಚಿದೆ. ಗುಜರಿಯವರು ಒಯ್ಯುವ ಮುನ್ನ ಒಮ್ಮೆ ನೋಡೋಣ ಎಂಬ ಚಪಲ, ಅಷ್ಟೆ. ಒಳಗೆ ಕೂತಿದ್ದ ಧೂಳು ಕಾದು ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂತಲ್ಲಿ ಕೂರಲಾಗಲಿಲ್ಲ. ಕೊಲ್ಲಾಪುರದ ಹತ್ತಿರ ಗೋಕುಳ ಶಿರಗಾಂವದಲ್ಲಿರುವ ನಮ್ಮ ಈಗಿನ ಶೆಡ್ಡಿನ ಆ ತುದಿಯಿಂದ ಈ ತುದಿಗೆ ಓಡಾಡಿದೆ. ಎರಡು ಚಹಾ ಆಯಿತು. ಈಗ ನಾವು ಮಾಡುವ ಎಲ್‌ಇಡಿ ದೀಪಗಳಿಗೆ ಬಿಸಿಯೂ ಇಲ್ಲ, ವಾಸನೆಯೂ ಇಲ್ಲ. ಯಾರ ನೆನಪನ್ನೂ ಕೆದಕದೆ ಪುಣ್ಯ ಕಟ್ಟಿಕೊಳ್ಳುತ್ತವೆ.

ಸಿನೆಮಾ ದೀಪಗಳ ಈ ಕಾರಖಾನೆ ಹುಟ್ಟುಹಾಕಿದವನು ನಮ್ಮ ಕಾಕಾ. ಗಡಹಿಂಗ್ಲಜ ಕಡೆಯ ಹೊಲಮನಿ ಬಿಟ್ಟು, ಕೊಲ್ಲಾಪುರದ ಸ್ಟುಡಿಯೋದಲ್ಲಿ ವೈರ್ ಎಳೆಯಲು ಸೇರಿದವನು. ಅಲ್ಲಿ ಪರದೇಶದ ದೀಪವೊಂದರ ಮೈ ಒಡೆದಾಗ, "ಇಂಥಾದ್ದು ನಮ್ಮ ಫೌಂಡ್ರ್ಯಾಗ ಎರಕ ಹೊಯ್ಯಾಕ ಬರೂದಿಲ್ಲೇನು?" ಅಂದನಂತೆ. ಪಂಪಿನ ಭಾಗ ಮಾಡುವವನಿಂದ ದೀಪದ ಮೈ ಮಾಡಿಸಿದ. ಆಮೇಲೆ ಇಚಲಕರಂಜಿಯ ಶಹಾಪುರದಲ್ಲಿ ಅರ್ಧ ಶೆಡ್ಡು ಬಾಡಿಗೆ ಹಿಡಿದ. ಉಳಿದರ್ಧದಲ್ಲಿ ಮಗ್ಗಗಳು ಖಟಖಟ ಅನ್ನುತ್ತಿದ್ದವು. ಕಾಲೇಜು ಮುಗಿಸಿ ನಾನೂ ಅಲ್ಲೇ ಸೇರಿಕೊಂಡೆ. ಬೇರೆ ಯಾರೂ ನನ್ನನ್ನು ಕರೆದಿರಲಿಲ್ಲ ಎಂಬುದು ಬೇರೆ ಮಾತು.

ಶೆಡ್ಡಿನ ಹಿಂದೆ ಅಂಗಳ, ಅಂಗಳ ದಾಟಿದರೆ ಮನೆ. ನಾವು ಜೈನರು. ಕಾಕಾನ ತಾಯಿ, ಅಂದರೆ ನಮ್ಮ ಆಯಿ, ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟುತ್ತಿರಲಿಲ್ಲ. ಅವಳಿಗೆ ಗಡಿಯಾರ ಬೇಕಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಬಿದ್ದ ಬಿಸಿಲು ಗೋಡೆ ಏರುತ್ತ ಉಪ್ಪಿನ ಭರಣಿ ಮುಟ್ಟಿತೆಂದರೆ, ಕಿಟಕಿಗೆ ಬೆನ್ನು ಮಾಡಿ ಊಟಕ್ಕೆ ಕೂರುವಳು. ಹಾಗಾಗಿ ಕಾಕಾನ ಕಟ್ಟಪ್ಪಣೆ ಒಂದೇ: "ಸಂಜೀಮುಂದ ದೀಪದ ಮಾರಿ ಕಿಡಕಿ ಕಡೆ ಮಾಡಬ್ಯಾಡ್ರಿ."

ಒಂದು ಮಳೆಗಾಲದ ಸಂಜೆ. ದಿನವಿಡೀ ಮೋಡ. ಕಾಕಾ ಹೊಸ ದೊಡ್ಡ ದೀಪ ಹಚ್ಚಿಟ್ಟು ಪಾರ್ಸಲ್ ಕಟ್ಟಿಸಲು ಮುಂದಿನ ಬಾಗಿಲಿಗೆ ಹೋದ. ನನ್ನ ಕೈ ಸುಮ್ಮನಿರಬೇಕಲ್ಲ! ಬೆಳಕಿಗೆ ಬಿಸಿಲಿನ ಬಣ್ಣ ಕೊಡುವ ಕೇಸರಿ ಹಾಳೆ ಸಿಕ್ಕಿಸಿ, ಎತ್ತರಿಸಿ, ದೀಪವನ್ನು ಕಿಟಕಿಯತ್ತ ತಿರುಗಿಸಿದೆ. ಬೆಳಕು ನೇರ ಭರಣಿಯ ಮೇಲೆ ಬಿತ್ತು. ಎಂಥ ಚೆಂದದ ಬಿಸಿಲು! ಅಷ್ಟರಲ್ಲಿ ಮುಂದಿನಿಂದ ಯಾರೋ ಕರೆದರು, ಹೋದೆ, ಮರೆತೇಬಿಟ್ಟೆ.

ಮರಳಿ ಬಂದಾಗ ಆಯಿ ಉಂಡು ಕೈತೊಳೆಯಲು ಅಂಗಳಕ್ಕೆ ಬಂದವಳು, ಚೊಂಬು ಹಿಡಿದು ಆಕಾಶ ನೋಡುತ್ತ ನಿಂತಿದ್ದಳು. ಕತ್ತಲಾಗಿತ್ತು.

"ಹೊತ್ತ ಮುಳುಗೇತಲ್ಲೋ ತಮ್ಮಾ," ಅಂದಳು.

ಕಾಕಾ ಓಡಿಬಂದು ದೀಪ ನೋಡಿ ಆಯಿಯ ಕಾಲಿಗೆ ಬಿದ್ದ. "ತಪ್ಪ ನಂದವ್ವಾ. ಹಚ್ಚಿದ ದೀಪಾ ನಾನ ಹಂಗ ಬಿಟ್ಟು ಹೋಗೇನಿ."

ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಆಯಿ ಎರಡು ದಿನ ಉಪವಾಸ ಮಾಡಿದಳು. ಕಾಕಾ ಮಾತ್ರ ಅಂದಿನಿಂದ ರಾತ್ರಿಯೂಟವನ್ನೇ ಬಿಟ್ಟ. ಶೂಟಿಂಗಿನವರ ಜೊತೆ ಕತ್ತಲಾದ ಮೇಲೆ ಮೊಳಕೆಕಾಳಿನ ಖಾರದ ಬಿಸಿ ಮಿಸಳ ತಿನ್ನುವುದೆಂದರೆ ಪ್ರಾಣ ಬಿಡುತ್ತಿದ್ದವನು! ಆಯಿ ಹೋಗಿ ಎಷ್ಟೋ ವರ್ಷವಾಯಿತು. ನಾನು ಇಂದಿಗೂ ರಾತ್ರಿ ಹತ್ತಕ್ಕೆ ಹೊಟ್ಟೆ ತುಂಬ ಉಣ್ಣುತ್ತೇನೆ. ಆಗೆಲ್ಲ ಕಾಕಾ ಬರೀ ಕೈಯಲ್ಲಿ ಎದುರಿಗೆ ಕೂತು ಮಾತಾಡುತ್ತಾನೆ. ನಾಚಿಕೆಯಾಗುತ್ತದೆ, ಆದರೂ ಉಣ್ಣುತ್ತೇನೆ.

ಮೊನ್ನೆ ಮಧ್ಯಾಹ್ನ, ಎಂಬತ್ತು ದಾಟಿದ ಕಾಕಾ ಕೋಲೂರುತ್ತ ಬಂದ. ಅಂದಿನಿಂದ ಮಾರದೆ ಇಟ್ಟುಕೊಂಡಿದ್ದ ಅದೇ ದೀಪವನ್ನು ಕೊನೆಯ ಸಲ ನೋಡಬೇಕಿತ್ತಂತೆ. ನಾನು ಅತ್ತಿತ್ತ ಅಡ್ಡಾಡುವುದನ್ನು ನೋಡಿ, "ಕುಂಡ್ರಲೇ, ಯಾಕ ಹಂಗ ತಿರಗಾಕತ್ತಿ?" ಅಂದ.

ನಿಂತೇ ಹೇಳಿದೆ. "ಕಾಕಾ, ಅವತ್ತ ಇದನ್ನ ಕಿಡಕಿ ಕಡೆ ತಿರಿವಿದಾಂವ ನಾನು. ನಿಂದೇನೂ ತಪ್ಪಿರಲಿಲ್ಲ."

"ಕಾಯ್ ಸಾಂಗತೋಸ್!" 'ಏನ ಹೇಳಾಕತ್ತಿ' ಅನ್ನಲೂ ದಿಗಿಲಾದಾಗ ಅವನಿಗೆ ಮರಾಠಿಯೇ ಬರುವುದು. ಕೋಲೂರುತ್ತ ದೀಪದ ಹತ್ತಿರ ಹೋದ. ಬೈದಿದ್ದರೆ ಬದುಕುತ್ತಿದ್ದೆ. ಕೊನೆಗೆ ಕೇಳಿದ:

"ಎಷ್ಟ ಎತ್ತರಕ್ಕ ಇಟ್ಟಿದ್ದಿ?"

"ಏಳ ಫೂಟು."

"ಹೌದು, ಏಳ ಬೇಕು." ದೀಪದ ಮೈ ಸವರಿದ. "ಇದನ್ನ ಗುಜರಿಗೆ ಹಾಕಬ್ಯಾಡ. ಇದರದೇನ ತಪ್ಪೈತಿ?" ಆಮೇಲೆ ನನ್ನನ್ನು ದಿಟ್ಟಿಸಿ, "ರಾತ್ರಿ ಉಣ್ಣದ ನನ್ನ ಪಾಳಿ ಮುಗೀತು. ಇನ್ನ ನೀ ಹಿಡಿ. ಭಾಳ ವರ್ಷ ಆತು, ನಡಿ, ಮಿಸಳ ತಿನಸು," ಅಂದ.

ಸಂಜೆಯ ತನಕ ಕಾಯಿಸಿದ. ಹೆದ್ದಾರಿ ಬದಿಯ ಹೋಟೆಲಿನಲ್ಲಿ ನಾವು ಕೂತಾಗ ಹೊರಗೆ ಪೂರಾ ಕತ್ತಲು. ಕಾಕಾ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ತಿಂದ. ಹೋಟೆಲಿನವನು ನನ್ನ ಮುಂದೆಯೂ ಒಂದು ತಟ್ಟೆ ಇಟ್ಟ. ಬೆಳಗಿನಿಂದ ಎರಡು ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ತಟ್ಟೆಯನ್ನು ಕಾಕಾನ ಕಡೆ ಸರಿಸಿದೆ.