ಹೆಸರು ಹಿಡಿದು ಕರೆದದ್ದು

ನಮ್ಮನೆಯವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತೆರಡು ವರ್ಷ ಬಾಯಲ್ಲಿ ಹೇಳದೆ ಇದ್ದದ್ದನ್ನು ಕಾಗದದ ಮೇಲೆ ಹೇಗೆ ಇಳಿಸಲಿ? ಗಂಡನ ಹೆಸರು ಹಿಡಿದು ಕರೆದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಅಂತ ನಮ್ಮವ್ವ ಹೇಳಿಕೊಟ್ಟಿದ್ದಳು. ಪಿಯುಸಿ ಓದಿದವಳು ಇದನ್ನೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ, ಇಲ್ಲಪ್ಪ ಎನ್ನುತ್ತೇನೆ. ಆದರೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಯಜಮಾನರ ಹೆಸರೇನು ಎಂದಾಗ ಅವರ ಪಾಸ್‌ಪೋರ್ಟ್ ತೆಗೆದು ತೋರಿಸಿದ್ದೇನೆಯೇ ಹೊರತು ಬಾಯಿ ಬಿಟ್ಟವಳಲ್ಲ. ಅಷ್ಟು ಜೋಪಾನ ಮಾಡಿದ್ದು ಹೋದ ವರ್ಷ ಒಂದು ಮಧ್ಯಾಹ್ನ ಹಾಲಿನ ಡೈರಿ ಮುಂದೆ ಮುರಿದುಹೋಯಿತು.

ಅವರು ಹಾಲೆಂಡಿನವರು. ರಾಮನಗರದ ಬಂಡೆಗಳನ್ನು ಹತ್ತಲು ಬಂದಿದ್ದರು. ಆಗ ನಮ್ಮಪ್ಪ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಸಣ್ಣ ಹೋಟೆಲ್ ಇಟ್ಟಿದ್ದ. ಬಂಡೆ ಹತ್ತುವ ಬಿಳಿಯರು ಬೆಳಿಗ್ಗೆ ಅಲ್ಲಿಗೇ ತಟ್ಟೆ ಇಡ್ಲಿಗೆ ಬರುತ್ತಿದ್ದರು. "ಬಂಡೆ ಅತ್ತಕ್ಕೆ ಇಷ್ಟ್ ದೂರ ಬರ್ಬೇಕಾ? ಇವ್ರೂರಲ್ಲಿ ಬಂಡೆ ಇಲ್ವಾ?" ಎಂದು ಅಪ್ಪ ನಗುತ್ತಿದ್ದ. ನಿಜವಾಗಿಯೂ ಇಲ್ಲವಂತೆ, ಅವರ ದೇಶ ಅಂಗೈ ಹಾಗೆ ಸಪಾಟು. ಒಂದು ದಿನ ಈ ಮನುಷ್ಯ ಬಂಡೆಯಿಂದ ಜಾರಿ ಪಾದದ ಗಂಟು ಮುರಿದುಕೊಂಡರು. ಜೊತೆಗಾರರು ಹೊರಟುಹೋದರು. ಇವರು ಪಕ್ಕದ ಲಾಡ್ಜಿನಲ್ಲಿ ಉಳಿದು, ದಿನವಿಡೀ ನಮ್ಮ ಹೋಟೆಲಿನ ಬೆಂಚಿನ ಮೇಲೆ ಪ್ಲಾಸ್ಟರು ಹಾಕಿದ ಕಾಲು ಚಾಚಿ ಕೂತಿರುತ್ತಿದ್ದರು. ನಾನು ಗಲ್ಲಾದಲ್ಲಿ ಕೂರುತ್ತಿದ್ದೆ. ಅವರು ಒಂದು ಉದ್ದದ ನೋಟ್‌ಬುಕ್ಕು ಹಿಡಿದು ಪ್ರತಿಯೊಂದಕ್ಕೂ ಬೆರಳು ತೋರಿಸಿ ಇದಕ್ಕೇನು, ಅದಕ್ಕೇನು ಎಂದು ಕೇಳುತ್ತಿದ್ದರು. ನಾನು ಹೇಳಿದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಬಲಗಡೆ ಬರೆದುಕೊಳ್ಳುವರು, ಎಡಗಡೆ ಅವರ ಭಾಷೆಯದ್ದು. ಆ ಪುಸ್ತಕದ ಮೊದಲ ಸಾಲು 'ನಿಮ್ಮ ಹೆಸರೇನು' ಎಂಬುದು. ಅವರು ನನ್ನನ್ನು ಕನ್ನಡದಲ್ಲಿ ಕೇಳಿದ ಮೊದಲ ಮಾತೂ ಅದೇ.

ಮದುವೆ ಆಯಿತು. ಅವ್ವ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ಅವಳೇ ತನ್ನ ತವರಿನಲ್ಲಿ, ಕಬ್ಬಾಳು ದುರ್ಗದ ಬುಡದ ಊರಿನಲ್ಲಿ, ತನ್ನ ಪಾಲಿಗೆ ಬಂದಿದ್ದ ಜಾಗವನ್ನು ನನಗೆ ಬರೆದಳು. ಅಲ್ಲಿ ಮನೆ ಕಟ್ಟಿಕೊಂಡೆವು. ಎಲ್ಲ ನನ್ನ ಹೆಸರಿನಲ್ಲೇ. "ನಾನು ನಿನ್ನ ಮನೆ ಬಾಡಿಗೆದಾರ, ಯಾವಾಗ ಬೇಕಾದರೂ ಓಡಿಸಬಹುದು" ಎಂದು ಅವರು ರೇಗಿಸುತ್ತಿದ್ದರು. "ಮೊದಲು ಆ ನಲ್ಲಿ ಸರಿ ಮಾಡಿ, ಆಮೇಲೆ ಯೋಚನೆ ಮಾಡ್ತೀನಿ" ಎನ್ನುತ್ತಿದ್ದೆ ನಾನು.

ಪಕ್ಕದಲ್ಲೇ ನಮ್ಮ ಸೋದರಮಾವನ ಮನೆ. ಮಾವ ಇಲ್ಲ, ಅತ್ತೆ ಇದ್ದಾಳೆ. ನಾವು ಊರಿಗೆ ಬಂದ ಮೊದಲ ದಿನ ಅತ್ತೆ ಮುದ್ದೆ, ಅವರೆಕಾಳು ಸಾರು ಮಾಡಿ ಕರೆದಳು. ಇವರು ಮುದ್ದೆಯನ್ನು ಅಗಿದರು. ಚಪಾತಿ ಅಗಿದ ಹಾಗೆ ಗಂಭೀರವಾಗಿ ಅಗಿದೇ ಅಗಿದರು. ಹಲ್ಲಿಗೆಲ್ಲ ಮೆತ್ತಿಕೊಂಡು, ಉಗುಳಲೂ ಆಗದೆ ಕಣ್ಣಲ್ಲಿ ನೀರು ಬಂತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು, "ಅಗೀಬ್ಯಾಡಿ ಅಳಿಯಂದ್ರೆ, ತುತ್ತು ಮುರ್ದು ಸಾರಲ್ ಅದ್ದಿ ನುಂಗ್ಬುಡಿ. ಅದೇನ್ ಕಡ್ಲೆಕಾಯಾ ಅಗ್ಯಕ್ಕೆ?" ಎಂದಳು. ಅಗಿಯದೆ ನುಂಗುವುದನ್ನು ಕಲಿಯಲು ಅವರಿಗೆ ಒಂದು ವರ್ಷ ಬೇಕಾಯಿತು. ಕಲಿತ ಮೇಲೆ ಎರಡು ಮುದ್ದೆ ಉಂಡು ಕೈ ನೆಕ್ಕುತ್ತಿದ್ದರು. ಊರಿಗೆ ಬಂದವನು ನೀರಿಗೆ ಬರದೆ ಇರ್ತಾನಾ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದಳು.

ಇಪ್ಪತ್ತು ವರ್ಷ ಹೀಗೇ ಹೋಯಿತು. ಬೆಳಿಗ್ಗೆ ಲುಂಗಿ ಉಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಹಿತ್ತಲಿನ ಕರಿಬೇವಿಗೆ ನೀರು ಹಾಕುವರು. ಊರಿನವರ ಪಂಪ್‌ಸೆಟ್ಟು, ಮಿಕ್ಸಿ, ಹೊಲಿಗೆ ಮೆಷಿನ್ನು ಎಲ್ಲ ನಮ್ಮ ಜಗಲಿಗೇ ಬರುತ್ತಿದ್ದವು. ಇವರು ರಿಪೇರಿ ಮಾಡಿಕೊಟ್ಟರೆ ಜನ ಸೊಪ್ಪು, ಮಾವಿನಕಾಯಿ ತಂದಿಡುವರು. ಗಂಡಸರೆಲ್ಲ ಭಾವ ಎನ್ನುವರು. ಮಂಗಳವಾರ, ಶುಕ್ರವಾರ ಕಬ್ಬಾಳಮ್ಮನಿಗೆ ಬರುವ ಪರವೂರಿನ ಜನ ಮಾತ್ರ ಇವರನ್ನು ಕಂಡೊಡನೆ ಮೊಬೈಲು ತೆಗೆದು ಪಕ್ಕದಲ್ಲಿ ನಿಲ್ಲುವರು. ಅದಕ್ಕೂ ಇವರಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಒಂದೇ ಪ್ರಶ್ನೆಗೆ. ಇಪ್ಪತ್ತು ವರ್ಷ ಪಕ್ಕದಲ್ಲಿ ಬೀಡಿ ಸೇದಿದವನೂ ಬಸ್ ಸ್ಟಾಪಿನಲ್ಲಿ ಕಂಡರೆ, "ಏನ್ ಭಾವ, ಯಾವಾಗ ಊರ್ಗೆ?" ಎನ್ನುತ್ತಿದ್ದ. "ಇದೇ ನಮ್ಮೂರು ಕಣಪ್ಪ" ಎಂದು ಇವರು ಹೇಳುವರು. ಅವರೆಲ್ಲ ನಗುವರು. ಮನೆಗೆ ಬಂದು, "ಇನ್ನೂ ಎಷ್ಟು ವರ್ಷ ಇರಬೇಕು ಇವರಿಗೆ ನಂಬಿಕೆ ಬರೋಕೆ?" ಎಂದು ನನ್ನನ್ನು ಕೇಳುವರು.

ಎರಡು ವರ್ಷದ ಹಿಂದೆ, ಅವರೆಕಾಯಿ ಕಾಲದಲ್ಲಿ, ಒಂದು ರಾತ್ರಿ ಊಟಕ್ಕೆ ಕೂತವರು ಮುದ್ದೆಯನ್ನು ಅಗಿಯತೊಡಗಿದರು. ನಾನು ತಮಾಷೆ ಅಂದುಕೊಂಡೆ. "ಏನ್ರೀ, ಹೊಸ ಅಳಿಯನ ಥರ?" ಎಂದೆ. ಅವರು ತಲೆ ಎತ್ತಿ ನೋಡಿ ಮತ್ತೆ ಅಗಿದರು. ತಟ್ಟೆಯಲ್ಲಿ ಇರುವುದು ಏನೆಂದು ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ಒಂದೊಂದೇ ಮಾತು ಹೋಗತೊಡಗಿತು. ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ಅದನ್ನೇ ಹುಡುಕುವರು. ಕೇಳಿದರೆ ಅವರ ಭಾಷೆಯಲ್ಲಿ ಏನೋ ಹೇಳುವರು. ಪ್ರತಿ ಸಲದಂತೆ ಇವರು ಈ ದೇಶದಲ್ಲಿ ಇರಲು ಬೇಕಾದ ಅನುಮತಿ ಕಾಗದಕ್ಕಾಗಿ ರಾಮನಗರದ ಆಫೀಸಿಗೆ ಹೋದೆವು. ಅಲ್ಲಿಯ ಗುಮಾಸ್ತರಿಗೆ ಇವರೆಂದರೆ ಇಷ್ಟ. "ಬನ್ನಿ ಸಾರ್, ಊಟ ಆಯ್ತಾ?" ಎಂದರು. ಇವರು ಉದ್ದಕ್ಕೆ ತಮ್ಮ ಡಚ್ ಭಾಷೆಯಲ್ಲಿ ಉತ್ತರ ಕೊಟ್ಟರು. "ಏನ್ ಸಾರ್, ಕನ್ನಡ ಮರ್ತ್‌ಬುಟ್ರಾ?" ಎಂದು ಗುಮಾಸ್ತರು ನಕ್ಕರು. ನಾನೂ ನಕ್ಕೆ. ನಕ್ಕು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇವರು ಪಕ್ಕದಲ್ಲಿ ಕೂತು ಬೆನ್ನು ಸವರಿದರು, ಯಾಕೆ ಅಳುತ್ತೀಯ ಎಂದು ಮಾತ್ರ ಕೇಳಲು ಬರಲಿಲ್ಲ.

ಬೆಂಗಳೂರಿನ ಡಾಕ್ಟರು ತಲೆಯ ಸ್ಕ್ಯಾನ್ ನೋಡಿ ಮರೆವಿನ ಕಾಯಿಲೆ ಎಂದರು. ಕೊನೆಗೆ ಕಲಿತದ್ದು ಮೊದಲು ಹೋಗುತ್ತದೆ, ಚಿಕ್ಕಂದಿನಲ್ಲಿ ತಾಯಿಯಿಂದ ಕಲಿತದ್ದು ಕೊನೆಯವರೆಗೆ ಉಳಿಯಬಹುದು ಎಂದರು. "ನೀವಿಬ್ಬರೂ ಯಾವ ಭಾಷೆಯಲ್ಲಿ ಮಾತಾಡುತ್ತೀರಿ?" ಎಂದು ಕೇಳಿದರು. ಕನ್ನಡ ಎಂದೆ. ಇಂಗ್ಲಿಷ್? ಅವರಿಗೂ ಅಷ್ಟಕ್ಕಷ್ಟೆ, ನನಗೂ ಅಷ್ಟಕ್ಕಷ್ಟೆ, ಅದು ನಮಗೆ ಬೇಕಾಗಲೇ ಇಲ್ಲ ಎಂದೆ. ಡಾಕ್ಟರು ಮಾತ್ರೆ ಬರೆದರು.

ನಾನು ಸುಲಭಕ್ಕೆ ಸೋಲುವವಳಲ್ಲ. ಇಟ್ಕೊಂಡವಳು ಇರೋತನಕ, ಕಟ್ಟಿಕೊಂಡವಳು ಕಡೇತನಕ ಅಂತ ಗಾದೆ ಇಲ್ಲವೇ. ಆ ಹಳೆಯ ನೋಟ್‌ಬುಕ್ಕು ಟ್ರಂಕಿನ ತಳದಿಂದ ತೆಗೆದೆ. ದಿನಾ ಬೆಳಿಗ್ಗೆ ಕಾಫಿ ಕೊಟ್ಟು ಎದುರು ಕೂರಿಸಿಕೊಂಡು ಮೊದಲನೇ ಪುಟದಿಂದ ಶುರು ಮಾಡುತ್ತಿದ್ದೆ. ನೀರು ಅನ್ನಿ. ಉಪ್ಪು ಅನ್ನಿ. ಬಾಗಿಲು ಅನ್ನಿ. ಅವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ಹೇಳುವರು, ಮಧ್ಯಾಹ್ನದ ಹೊತ್ತಿಗೆ ಒಂದೂ ಉಳಿಯುತ್ತಿರಲಿಲ್ಲ. ಒಂದು ದಿನ ನನಗೆ ತಡೆಯಲಾಗದೆ ಉಪ್ಪಿನ ಡಬ್ಬಿಯನ್ನು ಟೇಬಲ್ಲಿಗೆ ಕುಕ್ಕಿ, "ಎಷ್ಟು ಸಲ ಹೇಳಬೇಕ್ರೀ ನಿಮಗೆ, ಉಪ್ಪು ಉಪ್ಪು ಉಪ್ಪು" ಎಂದು ಕಿರುಚಿಬಿಟ್ಟೆ. ಅವರು ಹೆದರಿ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದರು. ಒಂದು ದಿನವೂ ನನ್ನ ಮೇಲೆ ಕೈ ಎತ್ತದ ಮನುಷ್ಯ, ನಾನು ಹೊಡೆಯುತ್ತೇನೆ ಅಂದುಕೊಂಡಿದ್ದರು. ನನ್ನ ಬಾಯಿಗೆ ಮಣ್ಣು ಹಾಕ. ಅವತ್ತಿನ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅಂದಿನಿಂದ ಪಾಠ ತಿರುಗಿಸಿದೆ. ಅವರಿಗೆ ನನ್ನ ಭಾಷೆ ಬರದಿದ್ದರೆ ಅವರ ಭಾಷೆಯನ್ನು ನಾನೇ ಕಲಿಯುತ್ತೇನೆ ಎಂದು ಎಡಗಡೆಯ ಸಾಲುಗಳನ್ನು ಬಾಯಿಪಾಠ ಮಾಡತೊಡಗಿದೆ. ಐವತ್ತರ ಹತ್ತಿರ ಬಂದವಳ ತಲೆಗೆ ಎಷ್ಟು ಹತ್ತುತ್ತದೆ? ಹತ್ತು ಕಲಿತರೆ ಎಂಟು ಮರೆಯುತ್ತಿದ್ದೆ. ಅದೂ ಹೋಟೆಲಿನಲ್ಲಿ ಕೂತು ಬರೆದ ಪುಸ್ತಕ. ಅದರಲ್ಲಿ ಇಡ್ಲಿಗೆ, ಚಟ್ನಿಗೆ, ಇನ್ನೊಂದು ಲೋಟ ಕಾಫಿಗೆ ಮಾತಿತ್ತು. ಎಲ್ಲಿ ನೋಯುತ್ತದೆ ಎಂದು ಕೇಳಲು ಇರಲಿಲ್ಲ.

ಹಾಲೆಂಡಿನಲ್ಲಿ ಅವರ ಅಕ್ಕ ಒಬ್ಬರಿದ್ದಾರೆ. ಭಾನುವಾರ ವಿಡಿಯೊ ಕಾಲ್ ಮಾಡುತ್ತಾರೆ. ಅಕ್ಕನ ಮುಖ ಕಂಡರೆ ಇವರಿಗೆ ಎಲ್ಲಿಲ್ಲದ ಮಾತು. ಒಂದು ಗಂಟೆ ಬಿಡದೆ ಮಾತಾಡಿ ನಗುವರು. ಫೋನು ನನ್ನ ಕೈಗೆ ಬಂದಾಗ ಅವರಕ್ಕ ತಮ್ಮ ಇಂಗ್ಲಿಷಿನಲ್ಲಿ, "ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಾನೆ. ನಮ್ಮಮ್ಮನ ಅಡಿಗೆಮನೆಯ ಪರದೆಯ ಬಣ್ಣ ಕೂಡ ನೆನಪಿದೆ. ಗುಣವಾಗುತ್ತಿದೆ" ಎಂದು ಖುಷಿಯಿಂದ ಅತ್ತರು. ಥ್ಯಾಂಕ್ಸ್ ಎಂದೆ. ಅಕ್ಕನಿಗೆ ತಮ್ಮ ವಾಪಸು ಸಿಗುತ್ತಿದ್ದ, ನನ್ನ ಗಂಡ ಅಷ್ಟಷ್ಟೇ ಹೋಗುತ್ತಿದ್ದರು.

ಆ ದಿನಗಳಲ್ಲಿ ಇವರು ಸಂಜೆಯಾದರೆ "ನಾರ್ ಹಾಯ್ಸ್, ನಾರ್ ಹಾಯ್ಸ್" ಎಂದು ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಹಸಿವಿರಬೇಕೆಂದು ದೋಸೆ ಹಾಕಿದೆ. ಚಳಿಯಿರಬೇಕೆಂದು ಸ್ವೆಟರ್ ಹಾಕಿದೆ. ಅಕ್ಕನನ್ನು ಕೇಳಿದಾಗ, "ಮನೆಗೆ ಹೋಗಬೇಕು ಅನ್ನುತ್ತಿದ್ದಾನೆ" ಎಂದರು. ಇವರೇ ಕಲ್ಲು ಹೊತ್ತು ಕಟ್ಟಿದ ಮನೆ ಅದು. ನಡುಮನೆಯಲ್ಲಿ ನಿಂತು ಮನೆಗೆ ಹೋಗಬೇಕು ಎನ್ನುವವರಿಗೆ ನಾನು ಯಾವ ಮನೆ ತೋರಿಸಲಿ?

ಆ ಮಧ್ಯಾಹ್ನ ನಾನು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದೆ. ಡೈರಿಯವನು ಫೋನ್ ಮಾಡಿ, "ಅಕ್ಕಾ, ಭಾವ ಇಲ್ ಬಂದು ನಿಂತವ್ರೆ, ಕೈಲಿ ಬ್ಯಾಗ್ ಐತೆ. ಸಾತನೂರ್ ಬಸ್ಸು ಬತ್ತಾ ಐತೆ, ಬಿರ್ರನೆ ಬಾ" ಎಂದ. ಸೋಪಿನ ಕೈಯಲ್ಲೇ ಓಡಿದೆ. ರಸ್ತೆ ತಿರುವಿನಲ್ಲಿ ಬಸ್ಸು ನಿಂತಿತ್ತು. ಡೈರಿಯವನು ಬಂದು ತೋಳು ಹಿಡಿದರೆ ಇವರು ಕೊಸರಿಕೊಂಡು ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟಿದ್ದರು. "ರೀ" ಎಂದು ಕೂಗಿದೆ. "ರೀ, ಇಲ್ನೋಡ್ರೀ" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಇಪ್ಪತ್ತೆರಡು ವರ್ಷ ಆ ಒಂದು ಅಕ್ಷರಕ್ಕೆ ಎಲ್ಲಿದ್ದರೂ ಓಗೊಟ್ಟವರು ತಿರುಗಲಿಲ್ಲ. ಅದು ಈಗ ಅವರಿಗೆ ಯಾರದ್ದೋ ಮಾತು. ಕಂಡಕ್ಟರ್ ಸೀಟಿ ಊದಿದ.

ಆಗ ಹೆಸರು ಹಿಡಿದು ಕರೆದೆ. ಅವರಮ್ಮ ಇಟ್ಟ ಹೆಸರು, ಪಾಸ್‌ಪೋರ್ಟಿನಲ್ಲಿರುವ ಹೆಸರು, ಬೀದಿಯಲ್ಲಿ, ಊರಿನವರೆಲ್ಲರ ಮುಂದೆ.

ತಕ್ಷಣ ತಿರುಗಿದರು. ಕಾಲು ಕೆಳಗಿಟ್ಟರು. ಬಸ್ಸು ಹೋಯಿತು. ಅವರು ಮುಖವರಳಿಸಿಕೊಂಡು, ಗುರುತಿಲ್ಲದ ಊರಿನಲ್ಲಿ ತಮ್ಮ ಹೆಸರು ಗೊತ್ತಿರುವವರು ಒಬ್ಬರಾದರೂ ಸಿಕ್ಕರಲ್ಲ ಎನ್ನುವ ಸಮಾಧಾನದಲ್ಲಿ ನನ್ನ ಹತ್ತಿರ ಬಂದರು. ನನ್ನ ಸೋಪಿನ ಕೈ ಹಿಡಿದು ಕುಲುಕಿದರು. ಏನೋ ಕೇಳಿದರು. ಅದು ನನಗೆ ಅರ್ಥವಾಯಿತು. ನೋಟ್‌ಬುಕ್ಕಿನ ಮೊದಲ ಸಾಲು, ಎಡಗಡೆಯದ್ದು.

ನನ್ನ ಹೆಸರು ಹೇಳಿದೆ. ತಲೆಯಾಡಿಸಿದರು, ಮರ್ಯಾದೆಯಿಂದ. ಅವರ ಕೈಯಿಂದ ಬ್ಯಾಗು ಇಸಿದುಕೊಂಡೆ. ಅದರೊಳಗೆ ಬಂಡೆ ಹತ್ತುವ ಹಳೆಯ ಶೂ ಒಂದು ಜೊತೆ ಬಿಟ್ಟರೆ ಏನೂ ಇರಲಿಲ್ಲ. ಪಕ್ಕದಲ್ಲಿ ನಡೆಸಿಕೊಂಡು ಮನೆಗೆ ಬಂದೆ. ಹೊಸಿಲ ಹತ್ತಿರ ನಿಂತು, ಒಳಗೆ ಬರಬಹುದಾ ಎನ್ನುವ ಹಾಗೆ ನನ್ನ ಮುಖ ನೋಡಿದರು.

ಸಂಜೆ ಅತ್ತೆ ಬಂದು ಕೂತಳು. "ಏನೇ, ಬೀದೀಲಿ ಗಂಡನ್ ಹೆಸ್ರು ಕೂಗ್‌ಬುಟ್ಟೆ?" ಎಂದಳು. "ಇನ್ನೇನ್ ಮಾಡ್ಲಿ ಅತ್ತೆ?" ಎಂದೆ. ಇವರು ತಟ್ಟೆ ಮುಂದೆ ಕೂತು ಮುದ್ದೆ ಅಗಿಯುತ್ತಿದ್ದರು. ಅಗೀಬೇಡಿ ಎಂದು ಅತ್ತೆಯೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ದಿನಕ್ಕೆ ಹತ್ತು ಸಲ ಹೆಸರು ಹಿಡಿದೇ ಕರೆಯುತ್ತೇನೆ. ಬೇರೆ ಯಾವುದಕ್ಕೂ ಅವರು ತಿರುಗುವುದಿಲ್ಲ. ಸ್ನಾನಕ್ಕೆ ಕರೆಯುತ್ತೇನೆ, ಮಾತ್ರೆಗೆ ಕರೆಯುತ್ತೇನೆ, ಬಾಗಿಲ ಹತ್ತಿರ ನಿಂತರೆ ಕರೆಯುತ್ತೇನೆ. ಪ್ರತಿ ಸಲವೂ ಅವ್ವನ ಮಾತು ನೆನಪಾಗುತ್ತದೆ, ಹೀಗೆ ಕರೆದರೆ ಆಯಸ್ಸು ಕಡಿಮೆಯಾಗುತ್ತದೆ ಅಂತ. ಮೊದಮೊದಲು ಕರೆದಾಗಲೆಲ್ಲ ಕಬ್ಬಾಳಮ್ಮನಿಗೆ ತಪ್ಪು ಕಾಣಿಕೆ ಎಂದು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ. ಈಚೆಗೆ ಕೈ ಮುಗಿಯುವುದಿಲ್ಲ. ಕೆಲವು ದಿನ, ಅವರು ನಾರ್ ಹಾಯ್ಸ್ ಎಂದು ಅಳುತ್ತಾ ಬಾಗಿಲು ಬಡಿಯುವ ದಿನ, ಅವ್ವ ಹೇಳಿದ್ದು ನಿಜವಾಗಲಿ ಎಂದುಕೊಂಡೇ ಒಂದು ಸಲ ಹೆಚ್ಚಿಗೆ ಕರೆದಿದ್ದೇನೆ.